ವರದಮಾವನ ಬಿಸಿನೀರ ಬುಗ್ಗೆ

ಒಂದಾನೊಂದು ಊರಿನಲ್ಲಿ ಒಬ್ಬ ಅಜ್ಜಿ ಇದ್ದಳು, ಅವಳಿಗೊಬ್ಬ ಮಗ ಇದ್ದ. ಕಥೆಯಲ್ಲಿ ಬರುವ ಮಕ್ಕಳು ತಾಯಿಗೆ ಮಾತು ಕೊಟ್ಟರೆ ಏಳು ಸಮುದ್ರ ದಾಟುತ್ತಾರೆ, ಏಳು ಹೆಡೆಯ ಸರ್ಪವನ್ನು ಒಲಿಸಿಕೊಳ್ಳುತ್ತಾರೆ, ಹೇಳಿದ ಹೂವನ್ನು ಹೇಳಿದ ಹೊತ್ತಿಗೆ ತಂದು ತಾಯಿಯ ಮಡಿಲಿಗೆ ಹಾಕುತ್ತಾರೆ. ಈ ಮಗ ತಾಯಿಗೆ ಮಾತು ಕೊಟ್ಟಿದ್ದು ಒಂದು ಬಚ್ಚಲ ಒಲೆ ಕಟ್ಟಿಸಿಕೊಡುತ್ತೇನೆಂದು. ಏಳು ಸಮುದ್ರದಾಚೆಯವರು ತಾವಾಗಿಯೇ ನಮ್ಮೂರಿಗೆ ಬಂದರು. ಒಲೆ ಮಾತ್ರ ಆಗಲೂ ಎದ್ದಿರಲಿಲ್ಲ.

ಊರು ಮಳವಳ್ಳಿ. ಅಜ್ಜಿ ನನ್ನ ತಾಯಿಯ ತಾಯಿ, ಗೋದಮ್ಮ. ಮಗ ನನ್ನ ಸೋದರಮಾವ ವರದರಾಜ, ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತ. ಕಾಲ ಯಾವುದೆಂದರೆ, ನಾಲೆಯ ನೀರು ಬಂದು, ರಾಗಿ ಬೆಳೆಯುತ್ತಿದ್ದವರೆಲ್ಲ ಕಬ್ಬು ಹಾಕಿ, ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆ ಹೊಗೆ ಬಿಡಲು ಶುರುಮಾಡಿದ್ದ ಕಾಲ.

ಆ ವರ್ಷ ನರಕಚತುರ್ದಶಿಯ ಬೆಳಗ್ಗೆ ಮನೆಯವರೆಲ್ಲ ತಲೆಗೆ ಎಣ್ಣೆ ಹಚ್ಚಿಕೊಂಡು ಸಾಲಾಗಿ ಕೂತಿದ್ದಾಗ ಬಚ್ಚಲ ಒಲೆ ಕುಸಿಯಿತು. ಅದರ ಮೇಲಿದ್ದ ತಾಮ್ರದ ಹಂಡೆ ಉರುಳಿಕೊಂಡು ಹಿತ್ತಲ ಬಾವಿಕಟ್ಟೆಯವರೆಗೂ ಹೋಗಿ ನಿಂತಿತು. ತಾತ ತಣ್ಣೀರು ಸುರಿದುಕೊಂಡು, "ಒಲೆ ಎದ್ದ ದಿನ ಹೇಳಿಕಳಿಸಿ" ಎಂದು ಮೇಲುಕೋಟೆಯಲ್ಲಿದ್ದ ದೊಡ್ಡಮಗನ ಮನೆಗೆ ಹೊರಟುಹೋದರು. ಅತ್ತೆ ಬಾಣಂತನಕ್ಕೆ ಮಂಡ್ಯದ ತೌರಿಗೆ ಹೋದಳು. ಮನೆಯಲ್ಲಿ ಉಳಿದದ್ದು ಅಜ್ಜಿ, ಮಾವ, ನಾನು, ಮತ್ತು ಅಡುಗೆಮನೆಯ ತಪ್ಪಲೆಯಲ್ಲಿ ಕಾಯಿಸಿದ ಅರೆಬೆಚ್ಚಗಿನ ನೀರು.

"ನಾಳೆ ಕಟ್ಟಿಸ್ತೀನಮ್ಮ" ಎಂದಿದ್ದ ಮಾವ ಆ ಬೆಳಗ್ಗೆ, ಬಾವಿಕಟ್ಟೆಯ ಮೇಲೆ ಕೈಯಿಟ್ಟು.

ಸಂಕ್ರಾಂತಿ ಕಳೆದರೂ ಆ ನಾಳೆ ಬಂದಿರಲಿಲ್ಲ. ಅಜ್ಜಿಯ ಮಂಡಿ ಚಳಿಗೆ ಹಿಡಿದುಕೊಂಡಿತ್ತು. ರಾತ್ರಿ ಅವಳು ಹೇಳುತ್ತಿದ್ದ ಕಥೆಗಳಲ್ಲಿ ರಾಜಕುಮಾರಿಯರು ಈಗ ಪದೇಪದೇ ಸ್ನಾನ ಮಾಡುತ್ತಿದ್ದರು. ಹಂಡೆ ಹಂಡೆ ಬಿಸಿನೀರು, ಬೆಳ್ಳಿಯ ತಂಬಿಗೆ, ಬೆನ್ನು ತಿಕ್ಕಲು ದಾಸಿಯರು. ಮಾವ ಗೋಡೆಯ ಕಡೆ ಮುಖ ತಿರುಗಿಸಿ ಮಲಗಿಕೊಳ್ಳುತ್ತಿದ್ದ.

ಹೀಗಿರುವಾಗ ಒಂದು ಹಡಗು ಬಂತು.

ಬಂದದ್ದು ಮದರಾಸಿಗೆ. ಲೋಕವನ್ನೆಲ್ಲ ಸುತ್ತುವ ಹಡಗಂತೆ. ಅದರೊಳಗೆ ಇರುವವರಿಗೆ ಬೇರೆ ಕೆಲಸವೇ ಇಲ್ಲವಂತೆ. ಅದು ಲಂಗರು ಹಾಕಿದ ಕಡೆ ಇಳಿದು, ಅಲ್ಲಿರುವ ಹಳೆಯದನ್ನೆಲ್ಲ ನೋಡಿ, ಮತ್ತೆ ಹತ್ತಿ ಕೂರುವುದಂತೆ. ಅವರಲ್ಲಿ ಕೆಲವರು ರೈಲಿನಲ್ಲಿ ಮದ್ದೂರಿಗೆ ಬಂದಿಳಿದು, ಮೋಟಾರಿನಲ್ಲಿ ಶಿವನಸಮುದ್ರದ ಜಲಪಾತಕ್ಕೆ ಹೋಗುವವರೆಂದೂ, ದಾರಿಯಲ್ಲಿ ಮಳವಳ್ಳಿಯಲ್ಲಿ ನೋಡುವಂಥದ್ದೇನಾದರೂ ಇದ್ದರೆ ತೋರಿಸತಕ್ಕದ್ದೆಂದೂ ತಾಲ್ಲೂಕಿನ ಮುಖ್ಯಸ್ಥರಾದ ಅಮಲ್ದಾರರಿಗೆ ಮೇಲಿನಿಂದ ಅಪ್ಪಣೆಯಾಯಿತು.

ಅಮಲ್ದಾರ್ ವೆಂಕಟರಾಮಯ್ಯನವರು ಕಚೇರಿಯಲ್ಲಿ ಎಲ್ಲರನ್ನೂ ನಿಲ್ಲಿಸಿಕೊಂಡು ಕೇಳಿದರು, "ನಮ್ಮಲ್ಲಿ ನೋಡುವಂಥದ್ದೇನಿದೆ?"

"ಖಜಾನೆ ಇದೆ ಸಾರ್" ಎಂದರು ಹೆಡ್ ಗುಮಾಸ್ತರು, ಬಹಳ ಯೋಚಿಸಿ.

"ಹಿಂದೆ ನಾನಿದ್ದ ತಾಲ್ಲೂಕಿನಲ್ಲಿ ಕೋಟೆಯಿತ್ತು" ಎಂದು ಅಮಲ್ದಾರರು ನಿಟ್ಟುಸಿರುಬಿಟ್ಟರು. "ಇಲ್ಲಿ ಪಾಪ, ಏನೂ ಇಲ್ಲ."

ಆ 'ಪಾಪ' ನಮ್ಮ ಮಾವನಿಗೆ ಚುಚ್ಚಿತು. ಹುಟ್ಟಿ ಬೆಳೆದ ಊರಿನ ಮೇಲೆ ಹೊರಗಿನಿಂದ ಬಂದವರು ಕನಿಕರ ತೋರಿಸಿದರೆ ಯಾವ ಗುಮಾಸ್ತ ತಾನೆ ಸಹಿಸಿಯಾನು?

"ಬಿಸಿನೀರಿನ ಬುಗ್ಗೆ ಇದೆ ಸಾರ್."

"ಎಲ್ಲಿ?"

"ಮದ್ದೂರು ರಸ್ತೆಯಿಂದ ಸ್ವಲ್ಪ ಒಳಗೆ, ಹಾಳುಗುಡಿಯ ಕೊಳದಲ್ಲಿ. ಕಲ್ಲಿನ ಗೋಮುಖದಿಂದ ನೀರು ಬೀಳುತ್ತೆ. ಚಿಕ್ಕಂದಿನಲ್ಲಿ ಸ್ಕೂಲು ತಪ್ಪಿಸಿ ನಾನೇ ಸ್ನಾನ ಮಾಡಿದೀನಿ. ಹಬೆ ಏಳುತ್ತೆ ಸಾರ್." ಇಲ್ಲಿಗೆ ನಿಲ್ಲಿಸಬಹುದಾಗಿತ್ತು. "ಮತ್ತೆ ಆ ನೀರು ಸ್ವಲ್ಪ ಸಿಹಿಯಾಗಿರುತ್ತೆ" ಎಂದೂ ಸೇರಿಸಿದ.

ಮಾವ ಸುಳ್ಳು ಹೇಳಲಿಲ್ಲ. ನಮ್ಮ ವಂಶದಲ್ಲಿ ಯಾರೂ ಸುಳ್ಳು ಹೇಳುವುದಿಲ್ಲ. ವಿಚಾರಿಸದೆ ನಿಜ ಹೇಳುತ್ತೇವೆ, ಅಷ್ಟೆ.

ಅಮಲ್ದಾರರು ಅದನ್ನು ಹಾಗೆಯೇ ಮೇಲಕ್ಕೆ ಬರೆದು ಸಹಿ ಹಾಕಿದರು. ಬಂದ ಉತ್ತರದಲ್ಲಿ, ಬರುವವರಲ್ಲೊಬ್ಬ ದೊರೆಸಾನಿಗೆ ಮಂಡಿನೋವಿದೆ, ಆಕೆ ಜಲಪಾತಕ್ಕಿಂತ ಬುಗ್ಗೆಯನ್ನೇ ಎದುರುನೋಡುತ್ತಿದ್ದಾಳೆ ಎಂದಿತ್ತು. ಅಮಲ್ದಾರರು ಮಾವನನ್ನು ಕರೆದು, ಬಹಳ ಮೆತ್ತಗೆ ಹೇಳಿದರು: "ನೋಡಿ ವರದರಾಜ್, ಆ ನೀರು ಬಿಸಿಯಾಗಿಲ್ಲದೆ ಹೋದರೆ, ಮೊಳಕಾಲ್ಮೂರಿನಲ್ಲಿ ಒಬ್ಬ ಗುಮಾಸ್ತರ ಜಾಗ ಖಾಲಿ ಇದೆ."

ಮಾವ ಮನೆಗೆ ಬಂದದ್ದು ಬಿಕ್ಕಳಿಸುತ್ತ. ಹೆದರಿಕೆಯಾದರೆ ಅವನಿಗೆ ಬಿಕ್ಕಳಿಕೆ ಹಿಡಿಯುತ್ತದೆ. ಮದುವೆಯ ಮಂಟಪದಲ್ಲೂ ಹಿಡಿದಿತ್ತು.

"ಯಾರು ನೆನೆಸಿಕೊಳ್ತಿದಾರೋ ನಿನ್ನ?" ಎಂದಳು ಅಜ್ಜಿ.

"ಮೊಳಕಾಲ್ಮೂರು, ಅಮ್ಮ" ಎಂದ ಮಾವ.

ಅವನು ಅಷ್ಟು ದೂರ ಹೋದರೆ ಅಜ್ಜಿಯನ್ನು ನೋಡಿಕೊಳ್ಳುವವರಾರು, ಒಲೆ ಕಟ್ಟಿಸುವವರಾರು? ನಾನು ಅವತ್ತು ರಾತ್ರಿ ಕಥೆ ಕೇಳಲಿಲ್ಲ.

ಮಾರನೆಯ ದಿನ ಬೆಳಗ್ಗೆಯೇ ಬುಗ್ಗೆಯನ್ನು ಒಮ್ಮೆ ನೋಡಿಕೊಂಡು ಬರೋಣವೆಂದು ಮಾವ ನನ್ನನ್ನೂ ಕರೆದುಕೊಂಡು ಹೊರಟ. ಹಾಳುಗುಡಿಗೆ ಮೇಲ್ಛಾವಣಿಯಿರಲಿಲ್ಲ. ನಾಲ್ಕಾರು ಕಂಬ, ಮೂಗಿಲ್ಲದ ದ್ವಾರಪಾಲಕ, ಒಂದು ಎತ್ತರದ ಕಲ್ಲಿನ ಗೋಡೆ, ಗೋಡೆಯ ಬುಡದಲ್ಲಿ ಮೆಟ್ಟಿಲಿರುವ ಪುಟ್ಟ ಕೊಳ. ಗೋಡೆಯಿಂದ ಹೊರಕ್ಕೆ ಚಾಚಿದ್ದ ಕಲ್ಲಿನ ಹಸುವಿನ ಮುಖ. ಇಲ್ಲಿ ಯಾವ ರಾಜಕುಮಾರಿ ಶಾಪದಿಂದ ಕಲ್ಲಾಗಿದ್ದಾಳೋ ಎಂದು ನಾನು ಸುತ್ತ ನೋಡುತ್ತಿದ್ದರೆ, ಮಾವ ಹಸುವಿನ ಬಾಯಿಗೆ ಕೈಹಾಕಿದ. ಒಣಗಿತ್ತು. ಒಳಗಿಂದ ಒಂದು ಓತಿಕ್ಯಾತ ಹೊರಬಂದು ಅವನನ್ನೇ ನೋಡಿತು.

ಗೋಡೆಯ ಆಚೆ ಕಡೆ ಯಾರೋ ಕೆಮ್ಮಿದರು. ಸುತ್ತಿಕೊಂಡು ಹೋದರೆ ಅಲ್ಲಿ ಒಂದು ಆಲೆಮನೆ, ಕಬ್ಬಿನ ಹಾಲು ಕಾಯಿಸಿ ಬೆಲ್ಲ ಮಾಡುವ ಚಪ್ಪರ. ಗುಡಿಯ ಗೋಡೆಯನ್ನೇ ಬೆನ್ನಿಗೆ ಮಾಡಿಕೊಂಡು, ಗುಡಿಯ ಕಲ್ಲಿನಲ್ಲೇ ಒಲೆ ಹಾಕಿ, ಯಾವುದೋ ಕಾಲದಲ್ಲಿ ಕಟ್ಟಿದ್ದು. ಒಲೆ ತಣ್ಣಗಿತ್ತು. ಅದರ ಮಾಲೀಕ ಪುಟ್ಟಮಾದಯ್ಯ ಒಲೆಯ ಬಾಯಿಯ ಹತ್ತಿರ ಕೂತು ಬಿಸಿಲು ಕಾಯಿಸುತ್ತಿದ್ದ.

"ಪುಟ್ಟಮಾದಯ್ಯ, ಬುಗ್ಗೆ ಯಾಕೆ ನಿಂತುಹೋಗಿದೆ?" ಎಂದ ಮಾವ.

"ಯಾವ ಬುಗ್ಗೆ ಅಯ್ನೋರೆ?"

"ಗೋಮುಖದ್ದು. ಬಿಸಿನೀರು ಬರ್ತಿತ್ತಲ್ಲ?"

ಪುಟ್ಟಮಾದಯ್ಯ ಮಾವನ ಮುಖವನ್ನು ನೋಡಿದ, ನನ್ನ ಮುಖವನ್ನು ನೋಡಿದ. ಆಮೇಲೆ ಒಲೆಯ ಪಕ್ಕದಿಂದ ಗೋಡೆಯೊಳಗೆ ಹೋಗುವ ಕಲ್ಲಿನ ಕಾಲುವೆಯನ್ನು ಕಾಲಿನಿಂದಲೇ ತೋರಿಸಿದ.

"ಅದಾ? ನಮ್ ಕೊಪ್ಪರ್ಗೆ ತೊಳ್ದಿದ್ ನೀರು ಕಣೇಳಿ. ಒಂದ್ ಪಾಕ ಇಳಿಸಿ, ಕಾದ ಕೊಪ್ಪರ್ಗೆಗೆ ನೀರ್ ಉಯ್ದು ತೊಳ್ದು ಇಲ್ಲಿಗೆ ಬುಡ್ತಿದ್ವಿ. ಆ ಕಡೀಕ್ ಎಲ್ಲಿಗ್ ಓಯ್ತದೋ ನಮಗೇನ್ ಗೊತ್ತು? ಯಾಕೆ, ಅದ್ನ ನೀವು ಕುಡಿದ್ರಾ?"

ಮಾವ ಒಲೆಯ ಮೇಲೆ ಕುಳಿತುಬಿಟ್ಟ. ಅವನು ಬಾಲ್ಯದಲ್ಲಿ ಅದನ್ನು ತೀರ್ಥವೆಂದು ಕುಡಿದದ್ದಲ್ಲದೆ, ಪರೀಕ್ಷೆಗೆ ಮುಂಚೆ ಗೆಳೆಯರಿಗೂ ಕುಡಿಸಿದ್ದ.

"ಈಗ ಆಲೆಮನೆ ಹತ್ತಿಸೋಕಾಗಲ್ವಾ?"

"ಏನಾಕಿ ಅತ್ಸೋದು? ಈ ಸಲ ಕಬ್ಬೆಲ್ಲ ಮಂಡ್ಯದ ಕಾರ್ಖಾನೆಗೆ ಓಯ್ತು. ಕೊಪ್ಪರ್ಗೇನ ದುದ್ದದಲ್ಲಿರೋ ನೆಂಟ್ರಿಗೆ ಕೊಟ್ಬುಟ್ಟೆ." ಮಾವನ ಬಿಕ್ಕಳಿಕೆಯನ್ನು ಸ್ವಲ್ಪ ಹೊತ್ತು ಕೇಳಿಸಿಕೊಂಡು, ಮರುಕ ಬಂದು ಹೇಳಿದ: "ಒಲೆ ಅದೆ, ಒಣಗಿದ್ ಸಿಪ್ಪೆ ಅದೆ. ನಿಮಗ್ ಬೇಕಾಗಿರೋದು ಬಿಸಿನೀರ್ ತಾನೆ? ಅಂಡೆ ತಂದು ಮಡಗಿ. ಕಾಯಿಸಿ ಉಯ್ಯೋದು ನಂದು, ದೊಡ್ಡಸಿದ್ದಯ್ಯಂದು."

ದೊಡ್ಡಸಿದ್ದಯ್ಯನೆಂದರೆ ಅವನ ಆಲೆಮನೆಗೆ ಒಲೆ ಕಟ್ಟಿ ಉರಿ ಹಾಕುವವನು. ಈ ವರ್ಷ ಉರಿ ಹಾಕಲು ಏನೂ ಇಲ್ಲದೆ ಬಹಳ ಬೇಸರದಲ್ಲಿದ್ದ.

"ನೀರು ಸಿಹಿ ಅಂತಲೂ ಹೇಳಿಬಿಟ್ಟಿದೀನಿ" ಎಂದ ಮಾವ, ಸಣ್ಣ ದನಿಯಲ್ಲಿ.

"ಅದ್ಕೇನು? ಬೆಲ್ಲ ಆಕ್ಬುಡನ."

ಹಂಡೆಗಳನ್ನು ಒಟ್ಟುಮಾಡುವ ಕೆಲಸ ನಮ್ಮ ಬೀದಿಯಿಂದಲೇ ಶುರುವಾಯಿತು. ಎದುರುಮನೆಯ ಪಂಕಜಮ್ಮನವರ ಹಂಡೆ ಊರಿನಲ್ಲೇ ದೊಡ್ಡದು. ಅವರ ಬಾಯಿಯೂ ಅಷ್ಟೆ.

"ಹಂಡೆ ಯಾಕೋ ವರದ?"

"ನೀರು ಕಾಯಿಸೋಕೆ."

"ಹಂಡೇಲಿ ಹುಳಿ ಮಾಡ್ತಾರೇನೋ? ನೀರು ಅಂತ ನನಗೂ ಗೊತ್ತು. ಯಾರ ಸ್ನಾನಕ್ಕೆ? ಎಲ್ಲಿ?"

ದೊರೆಸಾನಿಯ ಸ್ನಾನಕ್ಕೆಂದರೆ ಪಂಕಜಮ್ಮನವರು ಹಂಡೆಯಿರಲಿ, ಅದರ ಮುಚ್ಚಳವನ್ನೂ ಕೊಡುವವರಲ್ಲ. ಹುಣಸೆಹಣ್ಣು ಹಾಕಿ ತಿಂಗಳು ಉಜ್ಜಿದರೂ ಆ ಮೈಲಿಗೆ ಹೋಗುವುದಿಲ್ಲ. ಮಾವ ಹಂಡೆಯನ್ನೇ ನೋಡುತ್ತ ಹೇಳಿದ: "ಹಾಳುಗುಡಿ ಕೊಳದ ಹತ್ತಿರ. ದೂರದಿಂದ ಬರ್ತಿದಾರೆ. ಹಡಗಿನಲ್ಲಿ."

ಪಂಕಜಮ್ಮನವರ ಕಣ್ಣು ಮಾವನ ಹಿಂದೆ ನಿಂತಿದ್ದ ನನ್ನ ಮೇಲೆ ಬಿತ್ತು; ಅಲ್ಲಿಯೇ ನಿಂತಿತು. ನಮ್ಮ ಕಡೆ ಒಬ್ಬರು ಊರಿನವರ ಹಂಡೆಗಳನ್ನು ಕೇಳಿಕೊಂಡು ಹೊರಟರೆಂದರೆ ಅದಕ್ಕೆ ಕಾರಣ ಒಂದೇ. ಬೀಗರ ಸ್ನಾನ.

"ಕನಕಂಗೆ ಗಂಡು ಗೊತ್ತಾಯ್ತಾ? ವಿಲಾಯ್ತಿಗೆ ಹೋಗಿ ಬಂದವನಾ? ಅದಕ್ಕೇ ಹಾಳುಗುಡಿ ಕೊಳದಲ್ಲಿ ಪ್ರಾಯಶ್ಚಿತ್ತ ಸ್ನಾನ. ಊರೊಳಗೆ ಬರೋದಕ್ಕೆ ಮುಂಚೇನೇ. ಸರಿಯಾಗಿ ಯೋಚನೆ ಮಾಡಿದೀಯಾ ಕಣೋ."

ಮಾವ ಹೌದೆನ್ನಲಿಲ್ಲ, ಇಲ್ಲವೆನ್ನಲಿಲ್ಲ. ತಲೆಯನ್ನು ಹೇಗೆ ಆಡಿಸಿದನೆಂದರೆ ಅದನ್ನು ನೋಡಿದವರು ತಮಗೆ ಬೇಕಾದಂತೆ ತಿಳಿಯಬಹುದಾಗಿತ್ತು. ಪಂಕಜಮ್ಮನವರೇ ಹಂಡೆಯನ್ನು ಹೊರಕ್ಕೆ ಉರುಳಿಸಿಕೊಂಡು ಬಂದರು.

ಅಲ್ಲಿಂದ ಮುಂದೆ ನಾವು ಕೇಳಬೇಕಾಗಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಗಂಡು ಬಾರಿಸ್ಟರ್ ಆಗಿದ್ದ. ಸಂಜೆಗೆ ಅವನಿಗೆ ಬೆಂಗಳೂರಿನಲ್ಲಿ ಬಂಗಲೆಯಾಯಿತು. ಹಂಡೆಗಳು ಅವಾಗಿಯೇ ಬಂದವು. ಅಂಚೆ ಮಾಸ್ತರರ ಮನೆಯವರು ಹಂಡೆಗೆ ಸುಣ್ಣದ ಪಟ್ಟೆ ಬಳಿದು, ಕೆಮ್ಮಣ್ಣು ಇಟ್ಟು, ಕೊರಳಿಗೆ ಹೂವು ಸುತ್ತಿ ಕಳಿಸಿದ್ದರು. ಕಿರುಗಾವಲಿನಿಂದ ಯಾರೋ ದೂರದ ದೊಡ್ಡಮ್ಮ ಬಂದು, ನನ್ನ ಗಲ್ಲ ಹಿಡಿದು ಎತ್ತಿ, "ಹುಡುಗಿ ಕನಸು ಕಾಣೋ ಹಾಗಿರ್ತಾಳೆ, ಆದ್ರೆ ಅದೃಷ್ಟ ನೋಡು" ಎಂದು ಹೋದರು.

"ಮಾವ, ಇದೇನಿದು? ಆಮೇಲೆ ಗಂಡು ಎಲ್ಲಿ ಅಂದ್ರೆ?"

"ಮೊದಲು ನೀರು ಕಾಯಲಿ ಕಣೆ ಕನಕ" ಎಂದ ಮಾವ. "ಗಂಡು ಆಮೇಲೆ ನೋಡೋಣ."

ಇನ್ನು ಉಳಿದಿದ್ದು ಹೊತ್ತಿನ ವಿಚಾರ. ಮೊದಲೇ ಸುರಿದರೆ ನೀರು ಹರಿದುಹೋಗುತ್ತದೆ; ತಡವಾದರೆ ಹಸುವಿನ ಬಾಯಿ ಒಣಗಿರುತ್ತದೆ. ಅವರನ್ನು ಮದ್ದೂರಿನಿಂದ ಕರೆತರುವುದು ಪೀರ್ ಪಾಷಾನ ಬಾಡಿಗೆ ಮೋಟಾರು. ಮಾವ ಅವನ ಹತ್ತಿರ ಹೋಗಿ, ಹುಣಸೆಮರದ ತಿರುವಿಗೆ ಬಂದಾಗ ಹಾರನ್ ಹೊಡೆಯಬೇಕೆಂದೂ, ಅದನ್ನು ಕೇಳಿದ ಕೂಡಲೇ ಇಲ್ಲಿ ನೀರು ಬಿಡುವುದೆಂದೂ ಗುಟ್ಟಾಗಿ ಹೇಳಿದ.

"ಒಡೀತೀನಿ ಬುಡಿ ಸ್ವಾಮಿ" ಎಂದ ಪೀರ್ ಪಾಷಾ. "ಆರನ್ ಒಡಿಯೋದ್ನ ನನಗೆ ಯೇಳ್ಕೊಡ್ಬೇಕಾ?"

ಹೇಳಿಕೊಡಬೇಕಾಗಿರಲಿಲ್ಲ. ಹೊಡೆಯದಿರುವುದನ್ನು ಹೇಳಿಕೊಡಬೇಕಾಗಿತ್ತು.

ಆ ದಿನ ಬಂತು. ಆಲೆಮನೆಯ ಉದ್ದನೆಯ ಒಲೆಯ ಮೇಲೆ ಹಂಡೆಗಳು ಸಾಲಾಗಿ ಕೂತವು. ದೊಡ್ಡಸಿದ್ದಯ್ಯ ಹಬ್ಬ ಬಂದವನ ಹಾಗೆ ಉರಿ ಹಾಕಿದ. ಮಾವ ಬೆಲ್ಲದ ಅಚ್ಚುಗಳನ್ನು ಹಂಡೆಯಿಂದ ಹಂಡೆಗೆ ಹಾಕುತ್ತಾ, ರುಚಿ ನೋಡುತ್ತಾ, ಇನ್ನಷ್ಟು ಹಾಕುತ್ತಾ ಬಿಕ್ಕಳಿಸಿದ. ಪಂಕಜಮ್ಮನವರು ಮತ್ತು ಬೀದಿಯ ಹೆಂಗಸರು, ತಂತಮ್ಮ ಹಂಡೆಗಳನ್ನು ಕಾಯುವುದಕ್ಕೆಂದೂ ಗಂಡನ್ನು ನೋಡುವುದಕ್ಕೆಂದೂ, ಆರತಿ ತಟ್ಟೆ ಸಮೇತ ಆಲೆಮನೆಯ ನೆರಳಿನಲ್ಲಿ ಕೂತಿದ್ದರು.

ನಾನು ಗೋಡೆಯ ಈಚೆ, ಕೊಳದ ಮೆಟ್ಟಿಲ ಮೇಲೆ ರಂಗೋಲಿ ಬಿಡುತ್ತಿದ್ದೆ. ಮಾವನ ಬಿಕ್ಕಳಿಕೆ ಕಲ್ಲಿನ ಕಾಲುವೆಯೊಳಗೆ ಹೊಕ್ಕು ಗೋಮುಖದಿಂದ ಹೊರಬರುತ್ತಿತ್ತು. ಕಲ್ಲಿನ ಹಸುವೇ ಬಿಕ್ಕಳಿಸಿದ ಹಾಗೆ.

ಆಗ ಹಂಡೆಗಳನ್ನು ಸಾಗಿಸಿದ್ದ ಪುಟ್ಟಮಾದಯ್ಯನ ಗಾಡಿ ಬಂದು ನಿಂತಿತು. ಗಾಡಿಯಿಂದ ಇಳಿದವಳು ಅಜ್ಜಿ. ಹಳೆಯ ಸೀರೆ, ನೆತ್ತಿಯಿಂದ ಅಂಗಾಲಿನವರೆಗೆ ಎಣ್ಣೆ, ಒಂದು ಕೈಯಲ್ಲಿ ಸೀಗೆಪುಡಿಯ ಬಟ್ಟಲು, ಇನ್ನೊಂದು ಕೈಯಲ್ಲಿ ಹರಳೆಣ್ಣೆಯ ಗಿಂಡಿ.

"ಅಜ್ಜಿ, ಇಲ್ಲಿಗೆ ಯಾಕೆ ಬಂದೆ?"

"ಊರಿನ ಹಂಡೆಯೆಲ್ಲ ವರದ ಇಲ್ಲಿಗೆ ಹೊರಿಸಿದಾನೆ ಅಂತ ಪಂಕಜ ಹೇಳಿದ್ಲು. ಏನೋ ಮದುವೆ ಗಿದುವೆ ಅಂತ ಒದರಿದ್ಲು. ಅಜ್ಜಿಗೆ ಗೊತ್ತಿಲ್ದೆ ಮೊಮ್ಮಗಳ ಮದುವೆ ಎಲ್ಲಾದ್ರೂ ಉಂಟೆ? ನನಗೆ ಅರ್ಥ ಆಗಲ್ವಾ?" ಅಜ್ಜಿ ಒಂದೊಂದೇ ಮೆಟ್ಟಿಲು ಇಳಿದು ಗೋಮುಖದ ಕೆಳಗೆ ಚಕ್ಕಳಮಕ್ಕಳ ಹಾಕಿ ಕೂತಳು. "ನನಗೇ ಕಾಯಿಸ್ತಿರೋದು. ಮಾತು ಕೊಟ್ಟಿದ್ದನಲ್ಲ. ಹುಚ್ಚುಮುಂಡೇದು, ಬಾಯಿಬಿಟ್ಟು ಹೇಳಿದ್ರೆ ಏನಾಗ್ತಿತ್ತು?"

ಆ ಮುಖ ನೋಡಿದ ಮೇಲೆ ನನಗೆ ದೊರೆಸಾನಿಯ ಸುದ್ದಿ ಎತ್ತಲು ಮನಸ್ಸಾಗಲಿಲ್ಲ. "ಅಜ್ಜಿ, ಸ್ವಲ್ಪ ಹೊತ್ತು ಆಚೆ ಕೂತ್ಕೊ" ಎಂದೆ.

"ಎಣ್ಣೆ ಹಚ್ಚಿಕೊಂಡು ಕೂತವರನ್ನ ಎಬ್ಬಿಸಬಾರದು ಕಣೆ. ಶಾಸ್ತ್ರ."

ದೂರದಲ್ಲಿ ಹಾರನ್ ಕೇಳಿತು.

ಅದು ಹುಣಸೆಮರದ ತಿರುವಾಗಿರಲಿಲ್ಲ. ಅಲ್ಲಿಂದ ಎಷ್ಟೋ ಹಿಂದೆ, ರಸ್ತೆಗೆ ಅಡ್ಡ ನಿಂತ ಯಾರದೋ ಎಮ್ಮೆಗೆ ಪೀರ್ ಪಾಷಾ ಹೊಡೆದದ್ದು. ಆದರೆ ಮೆಟ್ಟಿಲ ಮೇಲಿದ್ದ ನನಗೆ ಕಂಡ ಎಮ್ಮೆ ಗೋಡೆಯ ಹಿಂದಿದ್ದವನಿಗೆ ಕಾಣುವುದಿಲ್ಲ. "ಬಿಡಿ, ಬಿಡಿ" ಎಂದು ಮಾವ ಕೂಗಿದ್ದು ಗೋಮುಖದಿಂದ ಕೇಳಿತು. ಅದರ ಹಿಂದೆಯೇ ನೀರು ಬಂತು.

ಹೇಗೆ ಬಂತೆಂದರೆ, ಹಬೆಯಲ್ಲಿ ಅಜ್ಜಿಯೇ ಕಾಣಲಿಲ್ಲ. ಹಂಡೆಯ ಮೇಲೆ ಹಂಡೆ ಸುರಿದರು. ಕಲ್ಲಿನ ಕಾಲುವೆಯಲ್ಲಿ ಹರಿದು ಹದವಾದ ನೀರು ಅಜ್ಜಿಯ ನೆತ್ತಿಯ ಮೇಲೆ, ಬೆನ್ನಿನ ಮೇಲೆ, ಮಂಡಿಯ ಮೇಲೆ ಬಿತ್ತು. ಅಜ್ಜಿ "ಕೃಷ್ಣಾ, ಕೃಷ್ಣಾ" ಎಂದಳು. ಸೀಗೆಪುಡಿ ಹಚ್ಚಿ ತಿಕ್ಕಿದಳು. ಇನ್ನೂ ತಿಕ್ಕಿದಳು. ಆಮೇಲೆ ಅವಳ ಕೈ ನಿಂತಿತು.

"ಕನಕ, ಇದೇನೆ, ಕೂದಲು ಜಿಗಿಜಿಗಿ ಅಂತಿದೆ?"

ನಾನು ಗೋಡೆ ಸುತ್ತಿ ಓಡಿದೆ. "ಮಾವ, ಅದು ಎಮ್ಮೆಗೆ ಹೊಡೆದ ಹಾರನ್ನು. ಇನ್ನೂ ಯಾರೂ ಬಂದಿಲ್ಲ."

ಕಾಯಿಸಿದ ನೀರೆಲ್ಲ ಮುಗಿದು ಪಂಕಜಮ್ಮನವರ ಹಂಡೆಯೊಂದು ಉಳಿದಿತ್ತು. ಮಾವನ ಮುಖದ ಮಸಿಯ ಕೆಳಗೆ ಬಣ್ಣ ಇಳಿದದ್ದು ಕಂಡಿತು. "ಹಾಗಾದರೆ ಅಷ್ಟೂ ನೀರು ಯಾರ ಮೇಲೆ ಬಿತ್ತು?"

"ಅಜ್ಜಿ ಮೇಲೆ."

ಅವನ ಬಿಕ್ಕಳಿಕೆ ಒಂದು ಕ್ಷಣ ನಿಂತಿತು. ಆಮೇಲೆ ಎರಡೆರಡಾಗಿ ಬರತೊಡಗಿತು.

ಈಗ ಹುಣಸೆಮರದ ತಿರುವಿನಲ್ಲಿ ನಿಜವಾದ ಹಾರನ್ ಆಯಿತು.

ಮೋಟಾರಿನಿಂದ ಮೊದಲು ಅಮಲ್ದಾರರು ಇಳಿದರು. ಸರಿಗೆಯ ಪೇಟ, ಮುಚ್ಚುಕೋಟು, ಕೊರಳಲ್ಲಿ ಉತ್ತರೀಯ. ಅವರ ಹಿಂದೆ ಒಬ್ಬ ಮುದಿ ದೊರೆ, ತಟ್ಟೆಯಗಲದ ಟೋಪಿ, ಬಿಸಿಲಿಗೆ ಸಿಪ್ಪೆ ಏಳುತ್ತಿದ್ದ ಮೂಗು. ಕೊನೆಗೆ ದೊರೆಸಾನಿ, ಬೆತ್ತ ಊರಿಕೊಂಡು. ಏಳು ಸಮುದ್ರದಾಚೆಯವರು ಹೀಗಿರುತ್ತಾರೆಂದು ನನಗೆ ಯಾವ ಕಥೆಯೂ ಹೇಳಿರಲಿಲ್ಲ. ಆಕೆ ಮೆಟ್ಟಿಲಿಳಿಯುವ ರೀತಿ ನಮ್ಮ ಅಜ್ಜಿಯದೇ.

ಅಮಲ್ದಾರರು ಕೊಳದ ಕಡೆ ಕೈಚಾಚಿ ಇಂಗ್ಲಿಷಿನಲ್ಲಿ ಏನೋ ಶುರುಮಾಡಿದವರು, ಹಬೆಯ ನಡುವೆ ಕೂತಿದ್ದ ಅಜ್ಜಿಯನ್ನು ಕಂಡು ಹಾಗೆಯೇ ನಿಂತರು.

"ಯಾರಯ್ಯಾ ನೀವು?" ಎಂದಳು ಅಜ್ಜಿ, ಸೆರಗು ಸುತ್ತಿಕೊಳ್ಳುತ್ತಾ. "ಹೆಂಗಸರು ನೀರು ಹಾಕ್ಕೊಳ್ಳೋ ಕಡೆ ನುಗ್ಗಿ ಬರ್ತೀರಲ್ಲ, ಮನೇಲಿ ಯಾರೂ ಹೇಳಿಕೊಟ್ಟಿಲ್ವಾ? ಆ ಕೆಂಪು ಮೂಗಿನವನಿಗೆ ಆ ಕಡೆ ತಿರುಗೋಕೆ ಹೇಳಿ."

ದೊರೆಸಾನಿ ಏನೆಂದು ಕೇಳಿದಳು. ನಾನು ಓದಿದ ಅಷ್ಟಿಷ್ಟು ಇಂಗ್ಲಿಷಿನಲ್ಲಿ ತಿಳಿದ ಮಟ್ಟಿಗೆ, ಅಮಲ್ದಾರರು ಹೇಳಿದ್ದು: ಈಕೆ ಈ ತೀರ್ಥದ ಹಿರಿಯಳು, ತಮ್ಮನ್ನು ಸ್ವಾಗತಿಸುತ್ತಿದ್ದಾಳೆ, ತಮ್ಮ ಆಗಮನದಿಂದ ಧನ್ಯಳಾಗಿದ್ದಾಳೆ.

ದೊರೆಸಾನಿ ಅಜ್ಜಿಗೆ ಕೈಮುಗಿದು, ನೋವಿನಿಂದ ಮುಖ ಹಿಂಡಿ, ಮಂಡಿ ಹಿಡಿದುಕೊಂಡು ಮೆಟ್ಟಿಲ ಮೇಲೆ ಕೂತಳು. ಅಜ್ಜಿ ಕಣ್ಣು ಕಿರಿದಾಗಿಸಿ ನೋಡಿದಳು.

"ಇವಳಿಗೂ ಮಂಡೀನಾ? ಅಯ್ಯೋ ಪಾಪ. ಕಾಲು ಚಾಚು" ಎಂದು ಆಕೆಯ ಪಾದರಕ್ಷೆ ಕಳಚಿಸಿ, ಕಾಲುಚೀಲ ಎಳೆಸಿ, ಹರಳೆಣ್ಣೆಯನ್ನು ಮಂಡಿಗೆ ಸುರಿದು ತಿಕ್ಕತೊಡಗಿದಳು. ಅಮಲ್ದಾರರು ಕಣ್ಣು ಮುಚ್ಚಿಕೊಂಡರು. ದೊರೆಸಾನಿಯೂ ಮುಚ್ಚಿಕೊಂಡಳು, ಆದರೆ ಹಿತದಿಂದ. "ನೀರು ಬಿಡೋ ವರದ" ಎಂದು ಅಜ್ಜಿ ಗೋಡೆಯ ಕಡೆ ಕೂಗಿದಳು. ಉಳಿದಿದ್ದ ಒಂದು ಹಂಡೆ ನೀರು ಇಬ್ಬರು ಮುದುಕಿಯರ ನಾಲ್ಕು ಮಂಡಿಗಳ ಮೇಲೆ ಹಬೆಯಾಡುತ್ತಾ ಹರಿಯಿತು. ದೊರೆಸಾನಿ ಬೆರಳು ಅದ್ದಿ ನಾಲಿಗೆಗಿಟ್ಟಳು. ಕಣ್ಣರಳಿಸಿ ದೊರೆಯ ಕಡೆ ನೋಡಿದಳು. ಸಿಹಿ.

ಅಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ನೀರು ನಿಂತ ಮೇಲೆ, ಆ ಮೌನದಲ್ಲಿ, ಕಲ್ಲಿನ ಹಸು ಬಿಕ್ಕಳಿಸಿತು.

ದೊರೆ ಟೋಪಿ ತೆಗೆದು ಅದರ ಬಾಯಿಯೊಳಗೆ ಇಣುಕಿದ. ಹಸು ಮತ್ತೆ ಬಿಕ್ಕಳಿಸಿತು. ಭೂಮಿಯೊಳಗಿನ ಗಾಳಿ ಎಂದರು ಅಮಲ್ದಾರರು, ಬೆವರು ಒರೆಸಿಕೊಂಡು. ದೊರೆ ತಲೆಯಾಡಿಸಿ, ಬುಗ್ಗೆಯ ಮೂಲ ನೋಡಬೇಕೆಂದು ಗೋಡೆ ಸುತ್ತಿಕೊಂಡು ನಡೆದೇಬಿಟ್ಟ. ಅವನ ಹಿಂದೆ ಅಮಲ್ದಾರರು, ಅಮಲ್ದಾರರ ಹಿಂದೆ ನಾನು. ನನ್ನ ಕಣ್ಣ ಮುಂದೆ ಮೊಳಕಾಲ್ಮೂರಿನ ಗುಡ್ಡಗಳು ಸಾಲಾಗಿ ಬಂದು ನಿಂತವು.

ಆದರೆ ಗೋಡೆಯ ಆಚೆ ಬೆಳಗಿನಿಂದ ಕಾದು ಕೂತಿದ್ದವರನ್ನು ನಾನು ಮರೆತಿದ್ದೆ.

ದೊರೆ ತಿರುವಿನಲ್ಲಿ ಕಾಣಿಸಿದ್ದೇ ತಡ, ಪಂಕಜಮ್ಮನವರು ಎದ್ದರು. ಹೆಂಗಸರೆಲ್ಲ ಎದ್ದರು. "ಬಂದ ಕಣ್ರೇ" ಎಂದು ಆರತಿ ಹತ್ತಿಸಿದರು. ದೊರೆ ಒಂದು ಹೆಜ್ಜೆ ಹಿಂದೆ ಇಟ್ಟ; ಹಿಂದೆಯೂ ಹೆಂಗಸರಿದ್ದರು. ಬೊಕ್ಕತಲೆಯ ಮೇಲೆ ಅಕ್ಷತೆ ಬಿತ್ತು. ಹಣೆಗೆ ಕುಂಕುಮ ಬಂತು, ಕೈಗೆ ಬಾಳೆಹಣ್ಣು ಬಂತು. ಅಂಚೆ ಮಾಸ್ತರರ ಹೆಂಡತಿ ಹಾಡಲು ಶುರುಮಾಡಿದರು.

"ವಯಸ್ಸು ಸ್ವಲ್ಪ ಹೆಚ್ಚಾಯಿತು" ಎಂದು ಒಬ್ಬರು ಪಿಸುಗುಟ್ಟಿದರು.

"ಬಾರಿಸ್ಟರ್ ಓದೋಕೆ ಅಷ್ಟು ವರ್ಷ ಬೇಡ್ವೇನೆ?" ಎಂದರು ಪಂಕಜಮ್ಮ. "ಮೋಟಾರಿದೆ ನೋಡು."

ಹೂವು ಸುತ್ತಿದ ಹಂಡೆಗಳ ಸಾಲನ್ನು ದೊರೆ ನೋಡಿದ. ಹಂಡೆಯ ಹಿಂದೆ ಬಚ್ಚಿಟ್ಟುಕೊಂಡಿದ್ದ, ಮಸಿ ಮುಖದ, ಕೈಜೋಡಿಸಿ ಬಿಕ್ಕಳಿಸುತ್ತಿದ್ದ ನಮ್ಮ ಮಾವನನ್ನೂ ನೋಡಿದ. ಇದಾವುದೋ ಪುರಾತನ ಪೂಜೆ, ಇವನು ಇದರ ಪೂಜಾರಿ ಎಂದುಕೊಂಡಿರಬೇಕು. ಮಾವನಿಗೂ ಬಾಗಿ ನಮಸ್ಕರಿಸಿ, ಬಾಳೆಹಣ್ಣನ್ನು ಎದೆಗೆ ಹಿಡಿದುಕೊಂಡು, ಮೂಲದ ಮಾತನ್ನೇ ಮರೆತು ಹಿಂದಿರುಗಿದ.

ಹೊರಡುವಾಗ ದೊರೆಸಾನಿ ಅಜ್ಜಿಯ ಕೈ ಹಿಡಿದಳು. ಬೆಲ್ಲದಿಂದಾಗಿ ಬಿಡಿಸಿಕೊಳ್ಳಲು ಸ್ವಲ್ಪ ಹೊತ್ತಾಯಿತು, ಇಬ್ಬರೂ ನಕ್ಕರು. ಆಕೆ ಅಮಲ್ದಾರರಿಗೆ ಹೇಳಿದ್ದಿಷ್ಟು: ಈ ಪ್ರಯಾಣದಲ್ಲಿ ಎಲ್ಲ ಕಡೆ ನೋಡು ನೋಡು ಎಂದರು, ಕಾಲು ಚಾಚು ಎಂದವರು ಇಲ್ಲೇ ಮೊದಲು.

ಅವರನ್ನು ಮೋಟಾರಿನಲ್ಲಿ ಕೂರಿಸಿ ಅಮಲ್ದಾರರು ಒಬ್ಬರೇ ಗೋಡೆಯ ಹಿಂದೆ ಬಂದರು.

"ವರದರಾಜ್."

"ಸಾರ್."

"ಈ ಬುಗ್ಗೆ ಎಲ್ಲಿ ಹುಟ್ಟುತ್ತೆ?"

ಮಾವ ಹಂಡೆಗಳ ಕಡೆ ನೋಡಿದ. ಅಮಲ್ದಾರರೂ ನೋಡಿದರು. ಅಷ್ಟರಲ್ಲಿ ಅಜ್ಜಿ ನನ್ನ ಭುಜ ಹಿಡಿದು ಅಲ್ಲಿಗೆ ಬಂದಳು. ಅವಳ ಕೂದಲು ಗಂಟುಗಂಟಾಗಿ ನಿಂತಿತ್ತು. ಅವಳ ಹಿಂದೆ, ಕೊಳದ ಮೆಟ್ಟಿಲಿನಿಂದಲೇ, ಇರುವೆಗಳ ಸಾಲು ಶ್ರದ್ಧೆಯಿಂದ ಬರುತ್ತಿತ್ತು.

"ನೀವೇನಾ ಇವನ ಸಾಹೇಬರು? ನೀವೇ ನ್ಯಾಯ ಹೇಳಿ ಸ್ವಾಮಿ. ದೀಪಾವಳೀಲಿ ಬಿದ್ದ ಬಚ್ಚಲ ಒಲೆ. ನಾಳೆ ಕಟ್ಟಿಸ್ತೀನಿ, ನಾಳೆ ಕಟ್ಟಿಸ್ತೀನಿ ಅಂತಾನೆ. ಮನೇಲಿ ಒಂದು ಒಲೆ ಹಾಕೋ ಅಂದ್ರೆ ಹೊಲದ ಮಧ್ಯೆ ಹತ್ತು ಮನೆ ಹಂಡೆ ಇಟ್ಟು ಕಾಯಿಸಿದಾನೆ. ಕಾಯಿಸಿದ ನೀರಿಗೆ ಬೆಲ್ಲ ಹಾಕಿದಾನೆ. ಈಗ ಈ ತಲೆ ತೊಳ್ಕೊಳ್ಳೋಕೆ ನಾನು ಎಲ್ಲಿಗೆ ಹೋಗಲಿ?"

ಅಮಲ್ದಾರರು ಇರುವೆಗಳನ್ನು ಬಹಳ ಹೊತ್ತು ನೋಡಿದರು.

"ನಿಮ್ಮನ್ನ ಮೊಳಕಾಲ್ಮೂರಿಗೆ ಕಳಿಸಬೇಕಾದರೆ ಕಾರಣ ಬರೀಬೇಕು" ಎಂದರು ಕೊನೆಗೆ. "ಏನಂತ ಬರೀಲಿ? ಬುಗ್ಗೆ ಇದೆ ಅಂತ ಸಹಿ ಹಾಕಿದವನು ನಾನು." ರಸ್ತೆಯಿಂದ ಪೀರ್ ಪಾಷಾನ ಹಾರನ್ ಕೇಳಿತು. "ಅದು ಈ ವರ್ಷ ಬತ್ತಿಹೋಯಿತು ಅಂತಲೂ ನಾನೇ ಬರೀತೀನಿ. ನೀವು ಮನೆಗೆ ಹೋಗಿ. ಬಚ್ಚಲ ಒಲೆ ಎದ್ದ ಹೊರತು ಕಚೇರಿ ಮೆಟ್ಟಿಲು ಹತ್ತಬೇಡಿ. ಇದು ಅಪ್ಪಣೆ."

ಸಂಜೆ ಹಂಡೆಗಳು ತಂತಮ್ಮ ಮನೆಗೆ ಹೋದವು. ಗಂಡು ಏನಾದನೆಂದು ಕೇಳಿದವರಿಗೆ ಪಂಕಜಮ್ಮನವರೇ ಉತ್ತರ ಕೊಟ್ಟರು: "ಹಡಗು ಹೊರಟಿತು ಅಂತ ಹೊರಟುಹೋದ. ಹೋಗಲಿ ಬಿಡಿ, ಮೂಗು ಸಿಪ್ಪೆ ಏಳ್ತಿತ್ತು." ನನ್ನ ಮೊದಲನೆಯ ಸಂಬಂಧ ಹೀಗೆ ಮುರಿಯಿತು.

ಅಪ್ಪಣೆಯೆಂದರೆ ಅಪ್ಪಣೆ. ಮಾರನೆಯ ದಿನ ಬೆಳಗ್ಗೆಯೇ ಮಾವ ದೊಡ್ಡಸಿದ್ದಯ್ಯನನ್ನು ಕರೆತಂದ. ಜೇಡಿಮಣ್ಣು, ಕಲ್ಲು, ಇಟ್ಟಿಗೆ ಗಾಡಿಗಟ್ಟಲೆ ಬಂದವು. ಇಷ್ಟೇಕೆ ಎಂದು ಮಾವ ಕೇಳಿದ. "ಒಲೆ ಅಂದ್ಮೇಲೆ ಒಲೆ ಕಣೇಳಿ" ಎಂದ ದೊಡ್ಡಸಿದ್ದಯ್ಯ. ಅವನು ಹುಟ್ಟಿದಾಗಿನಿಂದ ಕಟ್ಟಿದ್ದು ಆಲೆಮನೆಯ ಒಲೆಗಳನ್ನು ಮಾತ್ರ. ಅವನಿಗೆ ಗೊತ್ತಿದ್ದ ಅಳತೆ ಒಂದೇ.

ಒಲೆ ಎದ್ದಿತು. ಅದು ಒಳಗೆ ಹಿಡಿಯಲೆಂದು ಬಚ್ಚಲುಮನೆಯ ಒಂದು ಗೋಡೆ ಬಿತ್ತು. ಅದರ ಬಾಯಿ ಹಿತ್ತಲಿನಲ್ಲಿತ್ತು, ಹೊಗೆಯ ಕಂಡಿ ಪಂಕಜಮ್ಮನವರ ಕಡೆಗಿತ್ತು. ನಮ್ಮ ತಾಮ್ರದ ಹಂಡೆ ಅದರ ನೆತ್ತಿಯ ಮೇಲೆ ತಂಬಿಗೆಯ ಹಾಗೆ ಕೂತಿತು. ದೊಡ್ಡಸಿದ್ದಯ್ಯ ಕಬ್ಬಿನ ಸಿಪ್ಪೆ ತುರುಕಿ ಉರಿ ಹಾಕಿದ. ಬೀದಿಯವರೆಲ್ಲ ಬಾಗಿಲಿಗೆ ಬಂದು ನಿಂತರು. ಮೇಲುಕೋಟೆಗೆ ಹೇಳಿಕಳಿಸಿದ್ದರಿಂದ ತಾತನೂ ಬಂದು, ಹೆಗಲ ಮೇಲೆ ಒಣ ಪಂಚೆ ಹಾಕಿಕೊಂಡು ತಮ್ಮ ಸರದಿಗೆ ಕಾದು ನಿಂತಿದ್ದರು. ಮಾವ ಮೂಲೆಯಲ್ಲಿ ಉಸಿರು ಹಿಡಿದಿದ್ದ, ಈ ಒಲೆಯೂ ಎಲ್ಲಿ ಕುಸಿಯುತ್ತದೋ ಎಂದು.

ಕುಸಿಯಲಿಲ್ಲ. ನೀರು ಕೊತಕೊತ ಕುದಿಯಿತು. ಅಜ್ಜಿ ಬೆಲ್ಲದ ತಲೆಯೊಂದಿಗೆ ಮಣೆಯ ಮೇಲೆ ಕೂತು, ಹಿತ್ತಾಳೆ ಬಕೆಟ್ಟಿಗೆ ತೋಡಿದ್ದ ನೀರಿಗೆ ಒಂದು ಬೆರಳು ಅದ್ದಿ ತಟ್ಟನೆ ಹಿಂದಕ್ಕೆಳೆದುಕೊಂಡಳು. ಮಾವನ ಗಂಟಲಲ್ಲಿ ಒಂದು ಬಿಕ್ಕಳಿಕೆ ಅರ್ಧಕ್ಕೆ ಬಂದು ನಿಂತಿತು.

"ಕನಕ" ಎಂದಳು ಅಜ್ಜಿ, "ಬಾವಿಯಿಂದ ಒಂದು ಕೊಡ ತಣ್ಣೀರು ಸೇದಿಕೊಂಡು ಬಾರೆ, ಬೆರೆಸೋಕೆ."